ಸಂಜೆಯ ಗುಳಿಗೆ

"ಏ ಸೋನಿ, ಹಲ್ಕಟ್ ರಂಡಿ, ಮುಂದಿನ ಬಾಗಲಿಗೆ ಬರಾಕತ್ತೀಯಲ್ಲ, ಕಣ್ಣು ಹೋಗ್ಯಾವೇನ? ಹಿತ್ತಲಿಂದ ಬಾ."

ಹಿತ್ತಲಲ್ಲಿ ಹಾಯುವ ಹೋರಿ ಕಟ್ಟಿದ್ದರು. ಅದಕ್ಕೆ ಹೆದರಿ ಮುಂದಿನಿಂದ ಬಂದೆ. ಪಾಟೀಲ ದೇವಿಂದ್ರಪ್ಪನ ಹೆಂಡತಿ ಗಂಗುಬಾಯಿಗೆ ಅಷ್ಟು ಸಾಕಾಯಿತು. ಹದಿನೈದು ದಿನದ ಹಿಂದೆ ಸೊಸೆ ಯಶೋದಾಬಾಯಿಗೆ ಬೇನೆ ಎದ್ದಾಗ ಇದೇ ಬಾಯಿ "ಸೋನವ್ವಾ, ಲಗೂ ಬಾರವ್ವಾ" ಎಂದು ಇದೇ ಬಾಗಿಲಲ್ಲಿ ನನ್ನನ್ನು ಕರೆದಿತ್ತು. ಕೂಸು ಹೊರಬಿದ್ದದ್ದೇ ತಡ, ನಾನು ಮತ್ತೆ ಸೋನಿಯಾದೆ.

ನಾನು ಕೇರಿಯ ಸೂಲಗಿತ್ತಿ. ಪಾಟೀಲರ ವಾಡೆಯಲ್ಲಿ ಬಾಣಂತಿ ಕೋಣೆ ನಲವತ್ತು ದಿನ ಮೈಲಿಗೆ. ಅತ್ತೆ ಒಳಗೆ ಕಾಲಿಡುವುದಿಲ್ಲ, ಗಂಡ ಇಣುಕುವುದಿಲ್ಲ. ಮೈಲಿಗೆ ಕೋಣೆಗೆ ಮೈಲಿಗೆಯವಳೇ ಇರಲಿ ಎಂದು ಎಣ್ಣೆ ತಿಕ್ಕುವುದು, ನೀರು ಹಾಕುವುದು, ಬಟ್ಟೆ ಒಗೆಯುವುದು ಎಲ್ಲ ನನ್ನ ಪಾಲಿಗೆ. ನಲವತ್ತೊಂದನೆಯ ದಿನ ಕೋಣೆಗೆ ಗೋಮೂತ್ರ ಚಿಮುಕಿಸುತ್ತಾರೆ. ಆಮೇಲೆ ನಾನು ಅಂಗಳದ ಆಚೆಗೇ.

ನನ್ನ ಮಗಳು ಸುಮನಬಾಯಿ ಹೆತ್ತದ್ದೂ ಅದೇ ವಾರ. ಎಂಟು ದಿನ ತುಂಬುವಷ್ಟರಲ್ಲಿ ಇಬ್ಬರಿಗೂ ಒಂದೇ ಥರ ಆಯಿತು. ಕೂಸು ಅತ್ತರೆ ತಿರುಗಿ ನೋಡರು. ಗೋಡೆ ಕಡೆ ಮುಖ ಮಾಡಿ ಮಲಗಿದರೆ ಅನ್ನ ನೀರು ಬೇಡ. ಯಶೋದಾಬಾಯಿಗಾಗಿ ಪಾಟೀಲ ಡಾಕ್ಟರರನ್ನು ಕರೆಸಲು ಹುಮನಾಬಾದಿಗೆ ಆಳು ಕಳಿಸಿದ. ನನ್ನ ಮಗಳಿಗೆ, ತೊಗರಿ ಕೊಯ್ಲಿಗೆ ಬರಲಿಲ್ಲವೆಂದು, ಕೇರಿಗೇ ಬಂದು ಬೈದ. "ಸೋಗು ಹಾಕಾಕತ್ತಾಳ ಸೂಳಿ. ಎರಡು ಬಾರಿಸು, ಎದ್ದು ಕೂಡ್ತಾಳ."

ನಾನು ಮುಂದಿನ ಬಾಗಿಲಿಂದ ಬಂದು ಬೈಸಿಕೊಂಡ ದಿನವೇ ಮಧ್ಯಾಹ್ನ ಡಾಕ್ಟರರ ಜೀಪು ಬಂತು. ಊರೂರಿಗೆ ಹೋಗಿ ಹೆಂಗಸರ ಮನಸ್ಸಿನ ಕಾಯಿಲೆ ನೋಡುವುದು ಸರ್ಕಾರದ ಹೊಸ ಸ್ಕೀಮಂತೆ. ಕೇರಿಯ ಹೆಸರೂ ಅವರ ಪಟ್ಟಿಯಲ್ಲಿ ಇತ್ತಂತೆ. ಡಾಕ್ಟರರು ಯಶೋದಾಬಾಯಿಯ ಹತ್ತಿರ ಅರ್ಧ ತಾಸು ಕೂತು ಮಾತಾಡಿಸಿದರು. ಹೊರಗೆ ಬಂದು, ಇದು ಬಾಣಂತಿಯರಿಗೆ ಬರುವ ರೋಗ, ದೆವ್ವವಲ್ಲ, ಬೈಯಬೇಡಿ, ಮಲಗಲು ಬಿಡಿ ಎಂದರು. ನನಗೆ ಹೊಟ್ಟೆ ಉರಿಯಿತು. ಇಂಥವರ ತುಪ್ಪ, ಇಂಥವರ ಗಾದಿ ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ರೂಢಿಯಾಗಿದೆ. ಅವಳ ಹುಚ್ಚೂ ನನ್ನ ಮಗಳ ಹುಚ್ಚಿಗಿಂತ ಮೇಲಿನ ಜಾತಿಯದಾಯಿತಲ್ಲ, ಅದನ್ನು ಸಹಿಸಲಾಗಲಿಲ್ಲ.

"ಸಾಹೇಬ್ರ," ಎಂದೆ ಅಂಗಳದಿಂದ, "ನನ್ನ ಮಗಳಿಗೂ ಹಿಂಗೇ ಆಗ್ಯದ್ರಿ. ಕೇರಿ ಇಲ್ಲೇ ಅದ, ಬಂದು ನೋಡ್ರಿ."

ಪಾಟೀಲ ನಕ್ಕ. "ಇವರಿಗ್ಯಾವ ತಲಿ ರೋಗ ಬಿಡ್ರಿ ಸಾಹೇಬ್ರ. ರೋಗ ಬರಾಕ ಮೊದಲ ತಲಿ ಇರಬೇಕಲ್ಲ."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಚಹಾದ ಕಪ್ಪು ಹಿಡಿದಿದ್ದ ಡಾಕ್ಟರರೂ ನಕ್ಕರು. ನರ್ಸಬಾಯಿ ಲತೀಫಾ ಮಾತ್ರ ತಲೆ ತಗ್ಗಿಸಿ ರಿಜಿಸ್ಟರಿನಲ್ಲಿ ಏನೋ ಬರೆದು ನನ್ನ ಮುಂದೆ ಹಿಡಿದಳು. "ಕೇರಿದು ಅದವ್ವಾ, ಹೆಬ್ಬಟ್ಟು ಒತ್ತು." ಮಗಳ ಹೆಸರು ಬರೆದಳೆಂದು ತಿಳಿದು ಒತ್ತಿದೆ. ಜೀಪು ಕೇರಿಗೆ ಬಾರದೆ ಹಾಗೇ ಹೋಯಿತು.

ಡಾಕ್ಟರರು ಯಶೋದಾಬಾಯಿಗೆಂದು ಕೊಟ್ಟ ಗುಳಿಗೆಯ ಪೊಟ್ಟಣವನ್ನು ಅತ್ತೆ ಮುಟ್ಟಲಿಲ್ಲ. ಕೊಡಬೇಕೆಂದರೆ ಕೋಣೆಗೆ ಹೋಗಬೇಕಲ್ಲ. "ಔಷಧಕ್ಕ ಮೈಲಿಗಿ ಇಲ್ಲ, ಸೋನೀನೇ ಕೊಡ್ಲಿ" ಎಂದು ತಾನೇ ತೀರ್ಪು ಕೊಟ್ಟಳು. ಮುಂಜಾನೆ ಒಂದು, ಸಂಜೆ ಒಂದು.

ಮುಂಜಾನೆಯದನ್ನು ಯಶೋದಾಬಾಯಿಯ ಬಾಯಿಗೆ ಹಾಕಿದೆ. ಸಂಜೆಯದನ್ನು ಸೆರಗಿನ ಗಂಟಿಗೆ ಹಾಕಿ ಮನೆಗೆ ನಡೆದೆ. ದಿನಾಲೂ ಹಾಗೇ ಮಾಡಿದೆ.

ಹದಿನೆಂಟು ದಿನ ಕಳೆದ ಮೇಲೆ ಒಂದು ಮುಂಜಾನೆ ಸುಮನ ಎದ್ದು ಕೂತಳು. "ಯವ್ವಾ, ಕೂಸು ಯಾಕ ಇಷ್ಟು ಸೊರಗ್ಯದ? ಕೊಡಿಲ್ಲಿ" ಎಂದಳು. ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಅತ್ತ ಯಶೋದಾಬಾಯಿ ಮಾತ್ರ ಗೋಡೆ ಬಿಟ್ಟಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಅದನ್ನು ನೋಡಿ ನನಗೆ ಒಳಗೊಳಗೇ ಸಮಾಧಾನವಿತ್ತು. ಇದೊಂದರಲ್ಲಾದರೂ ನನ್ನ ಮಗಳು ಮುಂದೆ. ಆ ದಿನ ಕಾಲಿಗೆ ಎಣ್ಣೆ ತಿಕ್ಕುವಾಗ ಅವಳು ನನ್ನ ಮುಂಗೈ ಹಿಡಿದಳು.

"ಸೋನವ್ವಾ, ಸಂಜಿ ಗುಳಿಗಿ ಎಲ್ಲಿ ಒಯ್ಯಾಕತ್ತಿ?"

ಎಣ್ಣೆಯ ಬಟ್ಟಲು ಕೆಳಗಿಟ್ಟೆ. "ನನ್ನ ಮಗಳಿಗ್ರಿ."

ಅವಳು ಕೈ ಬಿಟ್ಟು ಮತ್ತೆ ಗೋಡೆ ಕಡೆ ತಿರುಗಿದಳು. ಯಾರಿಗೂ ಹೇಳಲಿಲ್ಲ. ಅದಕ್ಕೂ ನನಗೆ ಸಿಟ್ಟೇ ಬಂತು. ಕದ್ದವಳು ನಾನು, ದೊಡ್ಡವಳಾದದ್ದು ಅವಳು.

ಮೂವತ್ತೊಂಬತ್ತನೆಯ ದಿನ ಜೀಪು ಮತ್ತೆ ಬಂತು. ಡಾಕ್ಟರರು ಯಶೋದಾಬಾಯಿಯನ್ನು ನೋಡಿ ಬಂದು ಹಣೆ ಉಜ್ಜಿಕೊಂಡರು. "ಇಷ್ಟು ದಿನಕ್ಕೆ ಗುಣ ಕಾಣಬೇಕಿತ್ತು."

"ಬ್ಯಾಡ ಬಿಡ್ರಿ," ಎಂದ ಪಾಟೀಲ. "ಹುಚ್ಚಿನ ಕಟಗೊಂಡು ನಮ್ಮ ಹುಡುಗ ಬಾಳೇ ಮಾಡ್ತಾನೇನು? ನಾಡದು ನೀರು ಹಾಕಿ ತವರಿಗಿ ಕಳಸ್ತೀವಿ. ಕೂಸು ಇಲ್ಲೇ ಇರ್ತದ. ಕೊಹಿನೂರ ಊರಾಗ ಇನ್ನೊಂದು ಹುಡುಗಿ ನೋಡೇವಿ."

ನಾನು ಸುಮ್ಮನಿದ್ದರೆ ಯಶೋದಾಬಾಯಿ ಹೋಗುತ್ತಾಳೆ, ಅವಳ ಸಂಗಡ ಪೊಟ್ಟಣವೂ ಹೋಗುತ್ತದೆ. ನನ್ನ ಮಗಳು ಮತ್ತೆ ಗೋಡೆ ಕಡೆ ತಿರುಗುತ್ತಾಳೆ.

ಮೆಟ್ಟಿಲು ಹತ್ತಿ ಕಟ್ಟೆಯ ಮೇಲೆ ಹೋಗಿ ನಿಂತೆ.

"ಸಾಹೇಬ್ರ, ಇಕಿ ಹೊಟ್ಟಿಗಿ ಅರ್ಧಾನೇ ಹೋಗ್ಯಾವ. ಉಳಿದರ್ಧ ನನ್ನ ಮಗಳಿಗಿ ಕೊಟ್ಟೇನಿ. ಆಕಿ ಅಷ್ಟರಾಗೇ ಎದ್ದು ಕೂಸಿಗಿ ಹಾಲು ಕುಡಸಾಕತ್ತಾಳ. ಪೂರಾ ಕೊಟ್ರ ಇಕಿನೂ ಏಳ್ತಾಳ."

ಪಾಟೀಲನ ಕೆರ ನನ್ನ ಕಿವಿಯ ಮೇಲೆ ಬಿತ್ತು. "ಕಳ್ಳ ರಂಡಿ, ನಮ್ಮ ಮನಿ ಔಷಧ ಹೊಲಗೇರಿಗಿ ಒಯ್ದೇನ?"

ಡಾಕ್ಟರರು ಎದ್ದು ನಿಂತರು. "ಸಿಸ್ಟರ್, ಕೇರಿಯ ಬಗ್ಗೆ ನಮ್ಮ ರಿಜಿಸ್ಟರಿನಲ್ಲಿ ಏನು ಬರೆದಿದೆ?"

ಲತೀಫಾ ಹಾಳೆ ತಿರುವಿದಳು. ಓದುವಾಗ ಅವಳ ದನಿ ಇಳಿಯಿತು. "ಕೇರಿಗೆ ಭೇಟಿ ಕೊಡಲಾಯಿತು. ಎಲ್ಲರೂ ಆರೋಗ್ಯವಾಗಿದ್ದಾರೆ. ಸೋನುಬಾಯಿ, ಹೆಬ್ಬೆಟ್ಟಿನ ಗುರುತು."

ಹೋಗಿ ರಿಜಿಸ್ಟರನ್ನು ಎರಡೂ ಕೈಯಿಂದ ಒತ್ತಿ ಹಿಡಿದೆ. ಕಿವಿಯಿಂದ ಏನೋ ಬೆಚ್ಚಗೆ ಕತ್ತಿಗೆ ಇಳಿಯುತ್ತಿತ್ತು.

"ಅದನ್ನ ಕಾಟು ಹೊಡಿ ನರ್ಸಬಾಯಿ. ಸುಮನಬಾಯಿ, ಗಂಡ ತುಳಜಾರಾಮ, ಹೊಲಗೇರಿ. ಹಿಂಗ ಬರಿ. ಪಾಟೀಲ್ರ, ಆಕಿ ಬರಿಯೂತನಕ ಹೊಡೀರಿ, ನಾ ಇಲ್ಲೇ ನಿಂತೇನಿ."

ಲತೀಫಾ ಪೆನ್ನಿನ ಮುಚ್ಚಳ ತೆಗೆದಳು. ಪಾಟೀಲ ಇನ್ನೊಂದು ಕಾಲಿನ ಕೆರ ಬಿಚ್ಚಿದ.