ಮೂರನೇ ಕಂಬ

ಹುಮನಾಬಾದಿನ ಗಾಡಿ ಮಿಸ್ತ್ರಿ ಗಯಾಸುದ್ದೀನನಿಗೆ ತಲೆ ಕೆಟ್ಟುಹೋಗಿತ್ತು. ವೈಜನಾಥ ಸಾಹುಕಾರರು ದುಬೈಯಿಂದ ತರಿಸಿದ ಮೋಟಾರ್ ಸೈಕಲ್ಲಿನ ಇಂಡಿಕೇಟರ್ ತಾನಾಗಿಯೇ ಆರುತ್ತಿತ್ತು. ಎರಡು ದಿನ ವೈರು, ಸ್ವಿಚ್ಚು ಎಲ್ಲ ಬಿಚ್ಚಿ ನೋಡಿದ. ಅಂಗಡಿಯ ಮುಂದೆ ನಿಂತಾಗ ಆರುವುದೇ ಇಲ್ಲ, ರಸ್ತೆಗೆ ಇಳಿದರೆ ಆರುತ್ತದೆ!

"ಸೈತಾನ ಹೊಕ್ಕಾನ ಇದರಾಗ!" ಎಂದು ರೇಗುತ್ತ, ಹಿಂದಿನ ದೀಪ ನೋಡಲು ಹೆಂಡತಿ ವಜೀರಬಿಯನ್ನು ಕೂರಿಸಿಕೊಂಡು ಪಕ್ಕದ ಹುಡಗಿ ಊರಿನ ರಸ್ತೆ ಹಿಡಿದ.

ವಜೀರಬಿ ಕರೆಂಟಿನ ಕಂಬ ಎಣಿಸಿದಳು. ಒಂದು ಕಂಬದ ಬಳಿ ದೀಪ ಹಚ್ಚಿದರೆ, ಜೋರಾಗಿ ಓಡಿಸಿದರೂ ಮೆಲ್ಲಗೆ ಓಡಿಸಿದರೂ ಅಲ್ಲಿಂದ ಮೂರನೇ ಕಂಬಕ್ಕೆ ಆರುತ್ತಿತ್ತು.

"ಅಜೀ, ಇದು ಕೆಟ್ಟಿಲ್ಲ. ಗಾಲಿ ಎಷ್ಟು ಉರುಳ್ತು ಅಂತ ಎಣಸಾಕತ್ತದ. ತಿರುವಿನಾಗ ಹೊಳ್ಳಿದ ಮ್ಯಾಲ ದೀಪ ಆರಸೋದು ಮರೀತಾರಲ್ಲ, ಅಂಥವರ ಸಲುವಾಗಿ ಮಾಡ್ಯಾರ. ನಿಂತಲ್ಲೇ ಯಾಕ ಆರಬೇಕು? ಇನ್ನೂ ಹೊಳ್ಳೇ ಇಲ್ಲಲ್ಲ!"

ಗಯಾಸುದ್ದೀನ್ ಗಾಡಿ ನಿಲ್ಲಿಸಿ, ಹಣೆ ಚಚ್ಚಿಕೊಂಡು ನಕ್ಕುಬಿಟ್ಟ.

ಅಂದಿನಿಂದ ಯಾವ ಹೊಸ ನಮೂನೆಯ ಗಾಡಿ ಬಂದರೂ, ನಟ್ಟು ಬಿಚ್ಚುವ ಪಾನಾ ಮುಟ್ಟುವ ಮೊದಲು ಅವನು ಅಂಗಡಿಯ ಹಿಂದಿನ ಮನೆಯತ್ತ ಕೂಗುತ್ತಿದ್ದ:

"ವಜೀರಬಿ, ಬುರ್ಖಾ ಹಾಕ್ಕೊಂಡು ಬಾ. ಕಂಬ ಎಣಸೋದದ!"