‘ಲಾಸ್’ ಪದದ ಕಾರ್ಡು

ಆ ನಿಘಂಟು ಕಚೇರಿಯಲ್ಲಿ ಒಂದು ಕಟ್ಟುನಿಟ್ಟು: ಇಂಗ್ಲಿಷ್ ಪದದ ಮೂಲವನ್ನು ಒಬ್ಬರು ಕಾರ್ಡಿನ ಮೇಲೆ ಬರೆಯಬೇಕು, ಇನ್ನೊಬ್ಬರು ಅದನ್ನು ಗಟ್ಟಿಯಾಗಿ ಓದಿ ತಪ್ಪು ಹುಡುಕಬೇಕು, ಆಮೇಲೆ ಇಬ್ಬರೂ ರುಜು ಹಾಕಬೇಕು. ಕಣ್ಣು ಮುಲಾಜಿಗೆ ಬೀಳುತ್ತದೆ, ಕಿವಿ ಬೀಳುವುದಿಲ್ಲ ಎಂಬುದು ಮೇಷ್ಟ್ರ ವಾದ. ಇಪ್ಪತ್ತೆಂಟು ವರ್ಷಗಳಿಂದ ಮೂಲ ಬರೆಯುತ್ತಿದ್ದವರು ಅವರೇ.

ಹೆಂಡತಿ ತೀರಿಕೊಂಡು ಮೂರು ವಾರಕ್ಕೆ ಮೇಷ್ಟ್ರು ಕೆಲಸಕ್ಕೆ ಬಂದರು. ಷರಟಿನ ಒಂದೇ ತೋಳಿಗೆ ಇಸ್ತ್ರಿಯಾಗಿತ್ತು. ಯಾರೂ ಅದನ್ನು ನೋಡಲಿಲ್ಲ. ಅಂದರೆ ಎಲ್ಲರೂ ನೋಡಿದರು. ಎಲ್ ಅಕ್ಷರದ ಡ್ರಾಯರ್ ಎಳೆದು ಕಾರ್ಡು ಸರಿಸುತ್ತಿದ್ದವರು ತಟ್ಟನೆ ನಿಂತರು.

“‘ಲಾಸ್’ ಎಲ್ಲಿ ಹೋಯ್ತಮ್ಮ?”

ಕಾರ್ಡು ಜೋಡಿಸುವವಳನ್ನು ಕಚೇರಿಯೆಲ್ಲ ಕಾರ್ಡಕ್ಕ ಎನ್ನುತ್ತಿತ್ತು. “ಅಲ್ಲೇ ಎಲ್ಲೋ ಇರತ್ತೆ ಮೇಷ್ಟ್ರೇ. ಮುಂದಿನದ್ದು ನೋಡಿ.”

“ನಿನ್ನ ಕೈಲಿ ಕಾರ್ಡು ಎಲ್ಲೋ ಇರೋದು ಅಂದ್ರೇನು?”

ಕರಡು ತಿದ್ದುವವನು ತಲೆ ಎತ್ತದೆ ಹೇಳಿದ: “ಅಕ್ಕ, ಸುಳ್ಳು ನಿಂಗೆ ಒಗ್ಗಲ್ಲ. ಕೊಟ್ಬಿಡು.”

ಕಾರ್ಡಕ್ಕ ಊಟದ ಚೀಲದಿಂದ ಕಾರ್ಡು ತೆಗೆದಳು. ಮೂಲೆಗೆ ಎಣ್ಣೆ ಹತ್ತಿತ್ತು. “ನಾನೇ ಬರೆದು ಮುಗಿಸೋಣ ಅಂತಿದ್ದೆ. ಕಳ್ಕೊಳ್ಳೋದು ಅನ್ನೋ ಪದ ಈಗ ನಿಮಗೆ ಬೇಡ ಅನ್ನಿಸ್ತು.”

“ಮನೇಲಿ ಟೀ ಲೋಟಾನೂ ಎತ್ತೋಕೆ ಬಿಡಲ್ಲ ಮಗಳು. ಇಲ್ಲಾದ್ರೂ ಒಂದು ಕೆಲಸ ಇದೆ ಅಂತ ಬಂದೆ. ಇದನ್ನೂ ಕಿತ್ಕೊಂಡ್ರೆ ಇನ್ನೆಲ್ಲಿಗೆ ಹೋಗ್ಲಿ, ಹೇಳು?”

ಮೇಷ್ಟ್ರು ಪೆನ್ನು ಬಿಚ್ಚಿ ಬರೆದರು. ನಿಧಾನವಾಗಿ, ಒಂದು ಕಡೆ ಗೀಚಿ ತಿದ್ದಿ. ಕಾರ್ಡನ್ನು ಅವಳತ್ತ ತಳ್ಳಿದರು. “ಓದು.”

“ಹಳೆಯ ಇಂಗ್ಲಿಷಿನಲ್ಲಿ ‘ಲಾಸ್’ ಎಂದರೆ ನಾಶ, ವಿನಾಶ. ಇನ್ನೂ ಹಿಂದಿನ ಬೇರಿಗೆ ಬಿಡಿಸು, ಕಡಿದು ಬೇರೆಮಾಡು ಎಂಬ ಅರ್ಥವಿತ್ತೆಂದು ವಿದ್ವಾಂಸರ ಊಹೆ...” ಅವಳು ಓದು ನಿಲ್ಲಿಸಿ ಮುಖ ತಿರುಗಿಸಿದಳು.

“ಅಳ್ಬೇಡ. ತಪ್ಪಿದ್ರೆ ಹೇಳು.”

ಕಾರ್ಡಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡು ಮತ್ತೆ ಮೊದಲಿನಿಂದ ಓದಿದಳು. ಈ ಸಲ ‘ವಿನಾಶ’ದ ಹತ್ತಿರವೇ ನಿಂತಳು. ಹೇಳಲೋ ಬೇಡವೋ ಎಂದು ಒಂದು ಗಳಿಗೆ ಅವರ ಮುಖ ನೋಡಿದಳು.

“ನಾಶ ಅಂದ್ಮೇಲೆ ವಿನಾಶ ಯಾಕೆ ಮೇಷ್ಟ್ರೇ? ದಂಡ. ಬೇರೆ ಯಾರಾದ್ರೂ ಬರೆದಿದ್ರೆ ನೀವು ಮುಖಕ್ಕೆ ಎಸೀತಿದ್ರಿ.”

ಕರಡು ತಿದ್ದುವವನ ಪೆನ್ಸಿಲ್ಲು ನಿಂತಿತು.

“ಹೌದು, ಹೆಚ್ಚಾಯ್ತು,” ಎಂದರು ಮೇಷ್ಟ್ರು. ಪದವನ್ನು ಹೊಡೆದುಹಾಕಿ, ರುಜು ಮಾಡಿ, ಅವಳ ರುಜುವಿಗೆ ಕಾರ್ಡು ತಳ್ಳಿ, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.