ಮೊದಲ ವರ್ಷದ ಮೊಗ್ಗು

ಮಣ್ಣು ಮಾಡಿ ಬರುವವರ ಊಟಕ್ಕೆ ಎಲ್ಸಿ ದನದ ಮಾಂಸವನ್ನು ಸುರುಳಿ ಸುತ್ತಿ ದಾರ ಬಿಗಿಯುತ್ತಿದ್ದಾಗ ಅಣ್ಣ ಕೀರ್ ಅಡುಗೆಮನೆಗೆ ಬಂದು, ಮೇಜಿನ ಮೇಲೆ ಎಂಟು ಚೀಟಿಗಳನ್ನು ಇಸ್ಪೀಟೆಲೆಯಂತೆ ಹರಡಿದ. ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸಲು ಎಂಟು ಹಗ್ಗ. ಯಾವುದು ಯಾರ ಕೈಗೆ ಎಂದು ಅಪ್ಪ ವಾಟಿ ಸಾಯುವ ಮುಂಚೆಯೇ ಹೇಳಿಟ್ಟಿದ್ದ.

"ಒಂದನೇದು ನಂದು, ತಲೆ ಕಡೇದು. ಎರಡನೇದು ಹೂವಿನ ಸಂಘದ ಟಾಷ್‌ಗೆ."

"ನಂದು?"

"ನಿಂದೆಲ್ಲಿ? ಹೆಂಗಸರು ಗೋರಿ ಹತ್ರ ಬರಕೂಡದು ಅಂದಿದಾನೆ ಅಪ್ಪ. ಹಳೇ ಪದ್ಧತಿ."

"ಇಷ್ಟು ವರ್ಷ ಅವನ ಕುಂಡೆ ತೊಳೆದೋಳು ನಾನು. ಆಗೆಲ್ಲಿ ಹೋಗಿತ್ತೋ ಪದ್ಧತಿ?"

ಪಕ್ಕದ ಮನೆಯ ಮೊರಾಗ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಕುಟುಕಿದಳು: "ವರ್ಷಕ್ಕೊಂದು ಸಲ ಮುಖ ತೋರ್ಸೋನು ನೀನು. ಅಪ್ಪನ ತಲೆ ಯಾವ ಕಡೆ ಅಂತಾದ್ರೂ ಗೊತ್ತೇನಪ್ಪಾ?"

"ಸತ್ತೋನ ಮಾತು ಮೀರೋಕಾಗುತ್ತಾ ಮೊರಾಗಕ್ಕ?" ಕೀರ್ ಚೀಟಿಗಳನ್ನು ಬಾಚಿಕೊಂಡ.

ಬಾಗಿಲಲ್ಲಿ ಟಾಷ್ ಟೋಪಿ ತೆಗೆದ. "ಎಲ್ಸಿ, ನೀಲಿ ಗಸಗಸೆ ಗಿಡಗಳನ್ನ ವಾಟಿ ಸಂಘಕ್ಕೆ ಬಿಟ್ಟಿದಾನೆ. ಚಳಿಗಾಲಕ್ಕೆ ಮುಂಚೆ ಬಂದು ಒಯ್ತೀವಿ. ಹಳೇವೆಲ್ಲ ಕೊಳೆತುಹೋದ್ವು, ಉಳಿದಿರೋದು ಈ ಎಳೇವೇ. ಮೊಗ್ಗು ಬಂದಿದೆ. ಚಿವುಟಿಬಿಡಮ್ಮ. ಮೊದಲ ವರ್ಷವೇ ಅರಳಿದ್ರೆ ಗಿಡವೇ ಸಾಯುತ್ತೆ, ನಿಂಗೆ ಗೊತ್ತಲ್ಲ."

"ಗೊತ್ತು," ಅಂದಳು ಎಲ್ಸಿ.

*

ಎಷ್ಟೋ ವರ್ಷಗಳ ಹಿಂದೆ, ಆಗ ಎಲ್ಸಿಗೆ ಇಪ್ಪತ್ತು. ಕಡಲತೀರದ ಅರ್ಬ್ರೋತ್‌ನಿಂದ ಮೀನಿನ ಗಾಡಿ ತರುತ್ತಿದ್ದ ಹುಡುಗ ಹೊಸ ಟೈ ಕಟ್ಟಿಕೊಂಡು ಗೇಟಿನಾಚೆ ನಿಂತಿದ್ದ. ವಾಟಿ ಪಾತಿಯಲ್ಲಿ ಮಂಡಿಯೂರಿದ್ದ.

"ಅಪ್ಪಾ, ಮದುವೆ ಕೇಳ್ತಿದಾನೆ."

ವಾಟಿ ತಲೆಯೆತ್ತಲಿಲ್ಲ. ರೋಮ ತುಂಬಿದ ಮೊಗ್ಗೊಂದನ್ನು ಉಗುರಿನಲ್ಲಿ ಚಿವುಟಿ ಹೆಗಲ ಹಿಂದೆ ಎಸೆದ. "ಈ ವರ್ಷ ಬೇಡ."

"ಮುಂದಿನ ವರ್ಷ?"

"ನೋಡೋಣ. ಬೇರು ಗಟ್ಟಿಯಾಗ್ಲಿ."

ಮುಂದಿನ ವರ್ಷ ಅಮ್ಮ ಹಾಸಿಗೆ ಹಿಡಿದಳು. ಅದರ ಮುಂದಿನ ವರ್ಷ ಮೀನಿನ ಗಾಡಿಯ ಮುಂದಿನ ಸೀಟಿನಲ್ಲಿ ಬೇರೊಬ್ಬಳು ಕೂತು ಬಂದಳು. ಎಲ್ಸಿ ಅವಳ ಕೈಯಿಂದಲೇ ಮೀನು ಕೊಂಡಳು. ವಾಟಿಯ ಹೂಗಳಿಗೆ ಮಾತ್ರ ಜೂನ್ ಬಂದಾಗಲೆಲ್ಲ ಬಹುಮಾನ. ಹಿಮಾಲಯದ ಹೂ ನಿನ್ನಲ್ಲಿ ಹೇಗಯ್ಯಾ ಬಾಳುತ್ತೆ ಎಂದು ಕೇಳಿದವರಿಗೆಲ್ಲ ಅವನು ತನ್ನ ಹೆಬ್ಬೆರಳಿನ ಉಗುರು ತೋರಿಸುತ್ತಿದ್ದ.

*

ಗಂಡಸರೆಲ್ಲ ಶವದ ಗಾಡಿಯ ಹಿಂದೆ ಹೋದರು. ಮಾಂಸ ಒಲೆಯೊಳಗೆ ಬೇಯುತ್ತಿತ್ತು. ಎಲ್ಸಿ ದಾರದ ಉಂಡೆ ಮತ್ತು ಒಂದು ಹೊರೆ ಕೋಲು ಹಿಡಿದು ಹಿತ್ತಲಿಗೆ ಹೋದಳು.

ಮೊರಾಗ್ ಕಿಟಕಿಯಿಂದ ಇಣುಕಿದಳು. "ಏನೇ ಅದು? ಚಿವುಟು ಅಂದ್ರಲ್ಲ?"

"ಗಾಳಿಗೆ ಬಾಗಬಾರದು ಅಂತ ಕಟ್ತಿದೀನಿ. ಅರಳ್ಲಿ."

"ಎಲ್ಲಾನೂ?"

"ಎಲ್ಲಾನೂ."

ಮೊರಾಗ್ ಕಿಟಕಿ ಮುಚ್ಚಿದಳು.

ಗುಡ್ಡದ ಮೇಲೆ ಚರ್ಚಿನ ಗಂಟೆ ನಿಂತಿತು. ಈಗ ಪೆಟ್ಟಿಗೆ ಇಳಿಸುತ್ತಿರಬೇಕು. ಎಲ್ಸಿ ಕೊನೆಯ ಮೊಗ್ಗನ್ನು ಕೋಲಿಗೆ ನೆಟ್ಟಗೆ ಬಿಗಿದಳು. ಮಿಕ್ಕ ದಾರವನ್ನು ಮುಷ್ಟಿಗೆ ಸುತ್ತಿಕೊಂಡು, ಗುಡ್ಡದ ಕಡೆ ಮುಖ ಮಾಡಿ ಕಾಲೂರಿ ನಿಂತಳು. ಆಮೇಲೆ ನಿಧಾನವಾಗಿ, ಸ್ವಲ್ಪ ಸ್ವಲ್ಪವೇ, ದಾರವನ್ನು ಕೆಳಕ್ಕೆ ಬಿಟ್ಟಳು.